ಬಿದಿರು ಮೊಳೆಯ ಶೂ ಮಳೆಗಾಲ ದಾಟಿತು

ಕರಾವಳಿಯಲ್ಲಿ ಚರ್ಮದ ಶೂ ಹಾಕಿಕೊಂಡು ಮಳೆಗಾಲ ಕಳೆಯಲು ಆಗುವುದಿಲ್ಲ ಎಂಬ ಮಾತನ್ನು ಕೈಯಲ್ಲಿ ಶೂ ಮಾಡುವ ನಮ್ಮ ಬಳಗದಲ್ಲಿ ಕೇಳದವರಿಲ್ಲ. ಜೂನ್ ಬಂತೆಂದರೆ ಎಲ್ಲರೂ ರಬ್ಬರ್ ಚಪ್ಪಲಿಗೆ ಇಳಿಯುತ್ತಾರೆ. ಕೈಯಲ್ಲಿ ಹೊಲಿದ ಶೂಗಳು ಬಲ್ಬ್ ಹಾಕಿದ ಕಪಾಟಿನೊಳಗೆ ಹೋಗುತ್ತವೆ. ಕಳೆದ ಮಳೆಗಾಲ ಪೂರ್ತಿ ನಾನು ನಾನೇ ಮಾಡಿದ ಎರಡು ಜೋಡಿಯನ್ನು ಸರದಿಯಲ್ಲಿ ಹಾಕಿಕೊಂಡು ಉಡುಪಿಯಿಂದ ಮಣಿಪಾಲಕ್ಕೆ ಕೆಲಸಕ್ಕೆ ಹೋಗಿದ್ದೇನೆ. ದಾರಿಯ ಕಲ್ಸಂಕದಲ್ಲಿ ನೀರು ನಿಂತ ದಿನವೂ ಅದೇ ಶೂ. ಒಂದರ ಅಟ್ಟೆಯೂ, ಎಂದರೆ ಸೋಲ್, ಬಾಯಿ ಬಿಟ್ಟಿಲ್ಲ. ಅಟ್ಟೆಯನ್ನು ಹಿಡಿದಿರುವುದು ಕಬ್ಬಿಣದ ಮೊಳೆಯೂ ಅಲ್ಲ, ಸೊಲ್ಯೂಷನ್ ಎಂಬ ಅಂಟೂ ಅಲ್ಲ. ಬಿದಿರಿನ ಮೊಳೆ. ಇದು ಆಗುವ ಕೆಲಸವಲ್ಲ ಎಂದವರೇ ಈಗ ಮಾಡುವುದು ಹೇಗೆ ಎಂದು ಕೇಳುತ್ತಿದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ. ಲಾಸ್ಟ್ (ಕಾಲಿನ ಆಕಾರದ ಅಚ್ಚು) ಮೇಲೆ ಚರ್ಮ ಎಳೆಯುವುದು, ವೆಲ್ಟ್ (ಶೂವಿನ ಮೇಲ್ಭಾಗವನ್ನು ಅಟ್ಟೆಗೆ ಸೇರಿಸುವ ಚರ್ಮದ ಪಟ್ಟಿ) ಹೊಲಿಯುವುದು ಎಲ್ಲ ನಿಮಗೆ ಗೊತ್ತುಂಟು, ಅದನ್ನು ಹೇಳುವುದಿಲ್ಲ.

ಇಲ್ಲಿಗೆ ಬರುವ ಮೊದಲು ಖರ್ಚಾದ ಹಣ ಸಣ್ಣದಲ್ಲ. ಚರ್ಮ, ಅಂಟು, ಮೊಳೆ ಎಲ್ಲ ಸೇರಿ ಹದಿನೆಂಟು ಇಪ್ಪತ್ತು ಸಾವಿರ ರೂಪಾಯಿ ನೀರಿಗೆ ಹೋಗಿರಬೇಕು. ದೊಡ್ಡ ಪಾಲು ಸೊಲ್ಯೂಷನ್ ನಂಬಿ ಹೋದದ್ದು. ಮಾರ್ಚ್‌ನಲ್ಲಿ ಹಚ್ಚಿದರೆ ಇಕ್ಕಳ ಹಾಕಿ ಎಳೆದರೂ ಬಿಡದ ಅಂಟು, ಜೂನ್‌ನಲ್ಲಿ ಹಚ್ಚಿದರೆ ಎರಡು ವಾರದಲ್ಲಿ ಮುಂಗಾಲಿನ ಹತ್ತಿರ ಬಿಡುತ್ತದೆ. ಹಚ್ಚಿ ಒಣಗಲು ಬಿಟ್ಟಾಗ ಮೇಲೆ ಬಿಳಿ ಮಬ್ಬು ಕೂರುವುದನ್ನು ನೀವೂ ನೋಡಿರುತ್ತೀರಿ. ಅಂಟಿನ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ನಮ್ಮ ಗಾಳಿಯ ತೇವ ಅಲ್ಲಿಯೇ ನೀರಾಗಿ ಕೂರುತ್ತದೆ. ಆ ನೀರಿನ ಮೇಲೆ ಇನ್ನೊಂದು ಮೈ ಒತ್ತಿದರೆ ಏನು ಹಿಡಿಯುತ್ತದೆ? ಹೇರ್ ಡ್ರೈಯರ್ ಹಿಡಿದೆ, ಬಲ್ಬ್ ಉರಿಸಿದ ಮುಚ್ಚಿದ ಕೋಣೆಯಲ್ಲಿ ಹಚ್ಚಿದೆ, ಮೂರು ಕೈ ಬಳಿದೆ. ಸ್ವಲ್ಪ ದಿನ ಹೆಚ್ಚು ಬಂತು, ಅಷ್ಟೆ.

ಕಬ್ಬಿಣದ ಮೊಳೆಯ ಕಥೆ ಬೇರೆ. ತೊಗಟೆಯಲ್ಲಿ ಹದ ಮಾಡಿದ ಚರ್ಮಕ್ಕೆ ಒದ್ದೆ ಕಬ್ಬಿಣ ತಾಗಿದರೆ ಸುತ್ತ ಕಪ್ಪಾಗುತ್ತದೆ, ಆಮೇಲೆ ಆ ಜಾಗ ಬಿಸ್ಕತ್ತಿನ ಹಾಗೆ ಪುಡಿಯಾಗಿ ಮೊಳೆ ಗಟ್ಟಿ ಇದ್ದರೂ ಅದು ಹಿಡಿದುಕೊಳ್ಳಲು ಚರ್ಮವೇ ಇರುವುದಿಲ್ಲ. ಹಿತ್ತಾಳೆ ಮೊಳೆ ತುಕ್ಕು ಹಿಡಿಯಲಿಲ್ಲ, ನಿಜ. ಆದರೆ ಅಟ್ಟೆ ನೀರಿಗೆ ಉಬ್ಬಿ ಬಿಸಿಲಿಗೆ ಕುಗ್ಗಿ, ಮತ್ತೆ ಉಬ್ಬಿ, ತೂತು ದೊಡ್ಡದಾಗಿ ಆಗಸ್ಟ್ ಹೊತ್ತಿಗೆ ಮೊಳೆಗಳು ಒಂದೊಂದಾಗಿ ದಾರಿಯಲ್ಲಿ ಉದುರಿದವು.

ಮಂಗಳೂರಿನ ಸ್ನೇಹಿತರೊಬ್ಬರು, "ನಿಮಗೆ ಯಾಕೆ ಈ ಕಷ್ಟ ಮಾರಾಯ್ರೆ, ರೆಡಿಮೇಡ್ ಪಿಯು ಸೋಲ್ ತಂದು ಅಂಟಿಸಿ" ಎಂದರು. ಪಿಯು ಎಂದರೆ ಪಾಲಿಯುರೇಥೇನ್, ಒಂದು ಬಗೆಯ ಪ್ಲಾಸ್ಟಿಕ್. ಆ ಸೋಲ್ ನಮ್ಮ ಊರಿಗೆ ಹೇಳಿಸಿದ್ದಲ್ಲ. ಮದುವೆಗೆಂದು ವರ್ಷ ಎತ್ತಿಟ್ಟ ಶೂ ಹೊರಗೆ ತೆಗೆದು ಹಾಕಿಕೊಂಡು ಹಾಲ್‌ನ ಮೆಟ್ಟಿಲು ಹತ್ತುವಾಗ ಅಟ್ಟೆ ಪುಡಿಪುಡಿಯಾಗಿ ಬಿದ್ದದ್ದನ್ನು ಕಾಣದ ಮನೆ ಇಲ್ಲಿ ಇಲ್ಲ. ಗಾಳಿಯ ತೇವವೇ ಒಳಗಿನಿಂದ ಅದನ್ನು ತುಂಡು ಮಾಡುತ್ತದೆ. ಹಾಕಿಕೊಳ್ಳದೆ ಇಟ್ಟರೂ ಉಳಿಯುವುದಿಲ್ಲ.

ಮರದ ಮೊಳೆ ನಾನು ಕಂಡುಹಿಡಿದದ್ದಲ್ಲ. ವಿಯೆನ್ನಾ, ಬುಡಾಪೆಸ್ಟ್ ಕಡೆಯ ಕೈಕೆಲಸದವರು ಅಟ್ಟೆಯ ನಡುಭಾಗಕ್ಕೆ ಇಂದಿಗೂ ಮರದ ಮೊಳೆ ಹೊಡೆಯುತ್ತಾರೆ. ಬರ್ಚ್, ಮೇಪಲ್ ಮರದ್ದು. ತರಿಸಲು ಹೊರಟರೆ ಮೊಳೆಗಿಂತ ಕೊರಿಯರ್ ದುಬಾರಿ. ನನ್ನ ತಲೆಗೆ ಹೊಳೆದದ್ದು ನಮ್ಮ ಹಳೆಯ ದೋಣಿಗಳು. ಈ ಕರಾವಳಿಯಲ್ಲಿ ಹಿಂದೆ ದೋಣಿಯ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು, ಕಬ್ಬಿಣ ಹೊಡೆಯುತ್ತಿರಲಿಲ್ಲ. ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಯೂ ಹಾಗೆಯೇ, ಚರ್ಮದ ಬಾರಿನಿಂದಲೇ ಹೊಲಿಗೆ, ಮೊಳೆ ಇಲ್ಲ. ನೀರಿಗೆ ತಾನೂ ಉಬ್ಬುವ ವಸ್ತುವೇ ನೀರಿಗೆ ಉಬ್ಬುವ ಅಟ್ಟೆಯನ್ನು ಹಿಡಿಯಬೇಕು ಎಂದು ನಿಶ್ಚಯ ಮಾಡಿಕೊಂಡೆ.

ನನಗೆ ಚರ್ಮಕ್ಕೆ ತೂತು ಹಾಕುವ ಆರಿ ಹಿಡಿಯಲು ಕಲಿಸಿದ ಹಿರಿಯರು ಬಸ್ ನಿಲ್ದಾಣದ ಹತ್ತಿರ ಕೂರುತ್ತಾರೆ, ಬೆಳಗಾವಿ ಜಿಲ್ಲೆಯವರು. ಅವರಿಗೆ ಹೇಳಿದಾಗ, "ಸರ, ಬಿದಿರಿನ ಮೊಳಿ ನಿಂದರೂದಿಲ್ರಿ, ನೀರಾಗ ಕೊಳೀತೈತ್ರಿ" ಎಂದರು. ಬಳಗದವರೂ ಅದನ್ನೇ ಹೇಳಿದರು. ಕೊಳೆಯುವುದಕ್ಕಿಂತ ಮೊದಲು ಕುಟ್ಟೆ ಹುಳ ಹಿಡಿಯುತ್ತದೆ ಎಂದವರೂ ಇದ್ದರು. ಕುಟ್ಟೆಯ ಮಾತು ಸರಿ. ಹಸಿ ಬಿದಿರಿನಲ್ಲಿ ಪಿಷ್ಟ ಇರುತ್ತದೆ, ಹುಳಕ್ಕೆ ಬೇಕಾದದ್ದು ಅದೇ. ಬೆಳೆದ ಬಿದಿರನ್ನು ಸೀಳಿ ತೋಡಿನ ಹರಿಯುವ ನೀರಿನಲ್ಲಿ ಕಲ್ಲು ಹೇರಿ ಒಂದು ತಿಂಗಳಿಗೂ ಹೆಚ್ಚು ಮುಳುಗಿಸಿಟ್ಟೆ. ತೆಗೆದಾಗ ವಾಸನೆ ತಡೆಯುವ ಹಾಗಿರಲಿಲ್ಲ, ಒಣಗಿದ ಮೇಲೆ ಹೋಯಿತು. ಆ ಬಿದಿರಿಗೆ ಇವತ್ತಿನವರೆಗೆ ಒಂದು ತೂತು ಬಿದ್ದಿಲ್ಲ.

ಮೊಳೆಗೆ ಬಿದಿರಿನ ಹೊರಮೈ ಮಾತ್ರ ಬೇಕು. ಒಳಗಿನ ಬಿಳಿ ಭಾಗ ಮೆತ್ತಗೆ, ಹೊಡೆದರೆ ಬ್ರಷ್ ಆಗುತ್ತದೆ. ಚೌಕ ಕಡ್ಡಿ, ಸುಮಾರು ಎರಡೂವರೆ ಮಿ.ಮೀ., ಉದ್ದ ಹದಿಮೂರು ಹದಿನಾಲ್ಕು ಮಿ.ಮೀ., ಒಂದು ತುದಿ ಚೂಪು. ಅಂಗಡಿಯಲ್ಲಿ ಸಿಗುವ ದುಂಡನೆಯ ಬಿದಿರು ಕಡ್ಡಿ ತಂದು ಕತ್ತರಿಸಿದರೆ ಆಗುವುದಿಲ್ಲವೇ ಎಂದು ಕೇಳುತ್ತೀರಿ. ಆಗುವುದಿಲ್ಲ. ಆರಿಯ ತೂತು ದುಂಡಗೆ, ಮೊಳೆ ಚೌಕ. ನಾಲ್ಕು ಮೂಲೆ ಚರ್ಮವನ್ನು ಕಚ್ಚಿದಾಗಲೇ ಹಿಡಿತ. ಅಡಿಕೆ ಮರದ ಸಲಾಕೆಯಿಂದಲೂ ಮಾಡಿ ನೋಡಿದ್ದೇನೆ. ಗಟ್ಟಿ ಉಂಟು, ಆದರೆ ಎಳೆ ಎಳೆಯಾಗಿ ಬಿಡುತ್ತದೆ. ಸಿಬಿರು ಉಗುರಿನೊಳಗೆ ಹೋದರೆ ಒಂದು ವಾರ ಕೆಲಸ ನಿಲ್ಲುತ್ತದೆ.

ಎಲ್ಲ ಇರುವುದು ಒಣಗಿಸುವುದರಲ್ಲಿ. ಮೊಳೆ ಹೊಡೆಯುವ ಗಳಿಗೆಯಲ್ಲಿ ಅದರೊಳಗೆ ತೇವ ಇರಕೂಡದು. ನಮ್ಮ ಬಚ್ಚಲು ಒಲೆಯ ಮೇಲಿನ ಅಟ್ಟದಲ್ಲಿ ತಿಂಗಳುಗಟ್ಟಲೆ ಇಡುತ್ತೇನೆ. ತೆಂಗಿನ ಸಿಪ್ಪೆಯ ಹೊಗೆ ಕುಡಿದು ಕಂದು ಬಣ್ಣಕ್ಕೆ ಬರುತ್ತವೆ. ಆಮೇಲೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸುಟ್ಟ ಚಿಪ್ಪಿನ ಸುಣ್ಣದ ಗಂಟಿನ ಜೊತೆ ಇಟ್ಟು, ಒಂದೊಂದೇ ಹಿಡಿ ಹೊರತೆಗೆಯಬೇಕು. ಅಟ್ಟೆ ಮಾತ್ರ ಹದವಾದ ತೇವದಲ್ಲಿರಬೇಕು, ಸುತ್ತಿಗೆಯಲ್ಲಿ ಬಡಿದು ಗಟ್ಟಿ ಮಾಡಿರಬೇಕು. ಒಣ ಮೊಳೆ ತೇವದ ಅಟ್ಟೆಯೊಳಗೆ ಹೋಗುತ್ತದೆ. ಅಟ್ಟೆ ಒಣಗುವಾಗ ಕುಗ್ಗಿ ಮೊಳೆಯನ್ನು ಹಿಡಿಯುತ್ತದೆ, ಮಳೆಯಲ್ಲಿ ನೆನೆದಾಗ ಮೊಳೆ ಉಬ್ಬಿ ಅಟ್ಟೆಯನ್ನು ಹಿಡಿಯುತ್ತದೆ. ಮೊಳೆಯಿಂದ ಮೊಳೆಗೆ ಎಂಟೊಂಬತ್ತು ಮಿ.ಮೀ. ಅಂತರ, ನಡುವಿನಲ್ಲಿ ಎರಡು ಸಾಲು, ಹೀಲಿಗೆ ಒತ್ತೊತ್ತಾಗಿ. ಒಂದು ಜೋಡಿಗೆ ಇನ್ನೂರರ ಆಸುಪಾಸು ಬೇಕಾಗುತ್ತದೆ. ಒಂದೇ ಏಟು, ಹೆಚ್ಚೆಂದರೆ ಎರಡು. ಮೂರನೆಯ ಏಟಿಗೆ ತಲೆ ಸೀಳುತ್ತದೆ.

ಒಳಗೆ ಇನ್‌ಸೋಲಿನಿಂದ (ಒಳ ಅಟ್ಟೆ) ಹೊರಬರುವ ಮೊಳೆಯ ತುದಿಗಳನ್ನು ಅರದಿಂದ ತಿಕ್ಕಿ ಮಟ್ಟ ಮಾಡಬೇಕು. ಮುಂಗಾಲಿನ ತುದಿಯವರೆಗೆ ಕೈ ಹೋಗುವುದಿಲ್ಲ. ಅದಕ್ಕೆ ನಾನೇ ಕಮ್ಮಾರರಲ್ಲಿ ಮಾಡಿಸಿಕೊಂಡ ಒಂದು ಸಲಕರಣೆ ಉಂಟು, ಅದರ ಬಾಗು ಹೇಗಿದೆ ಎಂದು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಹೊಲಿಗೆಯ ನೂಲು ಇನ್ನೊಂದು ತಲೆನೋವು. ಲಿನನ್ ನೂಲು ಕೈಗೆ ಹಿತ, ಮೇಣ ಚೆನ್ನಾಗಿ ಕುಡಿಯುತ್ತದೆ, ಆದರೆ ನಮ್ಮಲ್ಲಿ ಎರಡು ಮಳೆಗಾಲಕ್ಕೆ ಕೊಳೆಯುತ್ತದೆ. ಮಲ್ಪೆ ಬಂದರಿನ ಹತ್ತಿರ ಬಲೆಯ ಸಾಮಾನು ಮಾರುವ ಅಂಗಡಿಗೆ ಹೋಗಿ ಬಲೆ ಹೊಲಿಯುವ ನೂಲು ತಂದೆ. ನೈಲಾನ್ ಒದ್ದೆಯಾದರೆ ಜಗ್ಗುತ್ತದೆ, ಪಾಲಿಯೆಸ್ಟರ್ ಜಗ್ಗುವುದು ಕಡಿಮೆ, ಅದನ್ನೇ ಹಿಡಿಯಿರಿ. ನೂಲಿನ ತುದಿಗೆ ಕಟ್ಟುವ ಹಂದಿಯ ಕೂದಲಿನ ಬದಲು ಗಾಳದ ದಾರದ ತುಂಡನ್ನು ಸೂಜಿಯಾಗಿ ಹೆಣೆದುಕೊಂಡೆ, ವರ್ಷಕ್ಕೆ ಐವತ್ತು ರೂಪಾಯಿ ಖರ್ಚಿಲ್ಲ. ಪಾಲಿಯೆಸ್ಟರಿಗೆ ಬರೀ ಜೇನುಮೇಣ ನಿಲ್ಲುವುದಿಲ್ಲ, ಜಾರುತ್ತದೆ. ದೂಪದ ಮರದ ರಾಳವನ್ನು ಕರಗಿಸಿ ಜೇನುಮೇಣಕ್ಕೆ ಸೇರಿಸಿದೆ, ಕೈಗೆ ಅಂಟುವಷ್ಟು ಬಿಗಿ ಬಂತು. ಎರಡರ ಪ್ರಮಾಣ ನನ್ನ ಹತ್ತಿರವೇ ಇರಲಿ. ಮಳೆಗಾಲಕ್ಕೆ ಒಂದು, ಏಪ್ರಿಲ್ ಸೆಕೆಗೆ ಇನ್ನೊಂದು ಎಂದಷ್ಟು ಹೇಳುತ್ತೇನೆ.

ಚರ್ಮಕ್ಕೆ ಹಚ್ಚುವ ಎಣ್ಣೆಯ ಹಿಂದೆ ಬಿದ್ದು ಎಷ್ಟೋ ಭಾನುವಾರ ಕಳೆದೆ. ಮನೆಮನೆಯಲ್ಲೂ ಹಚ್ಚುವುದು ತೆಂಗಿನೆಣ್ಣೆ, ಅದನ್ನು ಹಚ್ಚಿದ ತುಂಡಿಗೇ ಎಲ್ಲಕ್ಕಿಂತ ಹೆಚ್ಚು ಬೂಷ್ಟು ಬಂತು. ಬೂತಾಯಿ ಮೀನಿನ ಎಣ್ಣೆ ಚರ್ಮದೊಳಗೆ ಇಳಿಯುವ ಚಂದಕ್ಕೆ ಸಾಟಿ ಇಲ್ಲ, ಚರ್ಮ ಅಷ್ಟು ಮೆದುವಾಗುತ್ತದೆ, ಆದರೆ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಾರೆ. ದೋಣಿಗೆ, ಮರಕ್ಕೆ ಬಳಿಯುವ ಗೇರೆಣ್ಣೆಯನ್ನು (ಗೇರುಬೀಜದ ಸಿಪ್ಪೆಯ ಎಣ್ಣೆ) ಅಟ್ಟೆಯ ಅಂಚಿಗೆ ಹಚ್ಚಿದೆ. ನೀರು ತಡೆಯಿತು, ಹುಳವೂ ಮುಟ್ಟಲಿಲ್ಲ. ಆದರೆ ಅದು ಮೈಯ ಚರ್ಮ ಸುಡುವ ಎಣ್ಣೆ, ಬೆರಳ ಸಂದಿಯಲ್ಲಿ ಬೊಬ್ಬೆ ಎದ್ದವು. ಒಳಭಾಗಕ್ಕೆ ಯಾರೂ ಹಚ್ಚಬೇಡಿ, ಹೊರ ಅಂಚಿಗೂ ಕೈಗವಸು ಇಲ್ಲದೆ ಬೇಡ. ಕೊನೆಗೆ ನಿಂತದ್ದು ಪುನರ್ಪುಳಿ (ಕೋಕಂ) ಬೀಜದ ತುಪ್ಪ ಮತ್ತು ಜೇನುಮೇಣ. ಪುನರ್ಪುಳಿ ತುಪ್ಪ ಕರಗಲು ನಲವತ್ತು ಡಿಗ್ರಿಯ ಹತ್ತಿರ ಬೇಕು, ಹಾಗಾಗಿ ಚರ್ಮದೊಳಗೆ ಗಟ್ಟಿಯಾಗಿ ಕೂರುತ್ತದೆ, ಸಾಕ್ಸಿಗೆ ಹತ್ತುವುದಿಲ್ಲ. ಬಿಸಿ ಮಾಡಿ ಹಚ್ಚಬೇಕು, ಆದರೆ ಕೈ ತಾಳುವಷ್ಟು ಬಿಸಿ ಮಾತ್ರ. ತೊಗಟೆ ಹದದ ಚರ್ಮ ಒದ್ದೆ ಇರುವಾಗ ಹೆಚ್ಚು ಬಿಸಿ ಕೊಟ್ಟರೆ ಸುರುಟಿಹೋಗುತ್ತದೆ.

ಕಬ್ಬಿಣದಿಂದ ಚರ್ಮ ಕಪ್ಪಾಗುವುದನ್ನು ನಾನು ಬಣ್ಣಕ್ಕೆ ಬಳಸಿಕೊಂಡೆ. ಹಳೆಯ ಮೊಳೆಗಳನ್ನು ಕಳ್ಳಿನ ವಿನೆಗರ್‌ನಲ್ಲಿ ಎರಡು ವಾರ ಇಟ್ಟು ಸೋಸಿ, ತೊಗಟೆ ಹದದ ಪಟ್ಟಿಗೆ ಬಳಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಅಂಗಡಿಯ ಬಣ್ಣ ಮಳೆಗೆ ಇಳಿದು ಕಾಲು ಕಪ್ಪು ಮಾಡುತ್ತದೆ, ಇದು ಇಳಿಯುವುದಿಲ್ಲ. ಬಳಿದ ಮೇಲೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಒರೆಸಿ ಹುಳಿ ತೆಗೆಯಿರಿ.

ಅಟ್ಟೆ ಬರೀ ಚರ್ಮದ್ದಾದರೆ ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲಿನಲ್ಲಿ ಜಾರುತ್ತದೆ. ಸುಳ್ಯದ ಕಡೆಯ ರಬ್ಬರ್ ತೋಟದಿಂದ ಹೊಗೆ ಹಾಕಿದ ಶೀಟ್ ತಂದು ಕ್ರೇಪ್ ಸೋಲ್ ಮಾಡಲು ನೋಡಿದೆ. ಹಿಡಿತ ಬಹಳ ಒಳ್ಳೆಯದು. ಆದರೆ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ಊರಿನ ಕಸವನ್ನೆಲ್ಲ ಹಿಡಿದುಕೊಂಡು ಬಂತು, ಬಿಟ್ಟುಬಿಟ್ಟೆ. ಈಗ ಟಯರ್ ರಿಸೋಲ್ ಮಾಡುವಲ್ಲಿಂದ ತಂದ ತೆಳು ರಬ್ಬರನ್ನು ಮುಂಗಾಲಿಗೆ ಮಾತ್ರ ಹಾಕುತ್ತೇನೆ. ಸೊಲ್ಯೂಷನ್ ಬಳಸುವುದು ಇದೊಂದಕ್ಕೆ. ಅದನ್ನು ಪತ್ತನಾಜೆಯೊಳಗೆ, ಎಂದರೆ ಮೇ ಕೊನೆಯ ವಾರಕ್ಕೆ ಮೊದಲು ಅಂಟಿಸಿ ಮುಗಿಸಬೇಕು. ಸುತ್ತ ನಾಲ್ಕಾರು ಹಿತ್ತಾಳೆ ಮೊಳೆ ಇರಲಿ. ಸವೆದರೆ ಅಥವಾ ಬಿಟ್ಟರೆ ರಬ್ಬರ್ ಮಾತ್ರ ಹೋಗುತ್ತದೆ, ಅಟ್ಟೆ ಅಲ್ಲಿಯೇ ಇರುತ್ತದೆ.

ಲೆಕ್ಕ ಕೇಳಿದವರಿಗೆ: ಅಪ್ಪರಿಗೆ, ಎಂದರೆ ಶೂವಿನ ಮೇಲ್ಭಾಗಕ್ಕೆ, ಕೋಣದ ಚರ್ಮ, ಆಂಬೂರಿನಿಂದ, ಚದರಡಿಗೆ ನೂರೈವತ್ತರ ಹತ್ತಿರ, ಜೋಡಿಗೆ ನಾಲ್ಕು ಚದರಡಿ ಸಾಕಾಗುತ್ತದೆ. ಅಟ್ಟೆ, ಇನ್‌ಸೋಲ್, ವೆಲ್ಟ್ ಸೇರಿ ಒಂದು ಸಾವಿರ. ಲೈನಿಂಗ್, ನೂಲು, ಮೇಣ, ರಬ್ಬರ್ ಎಲ್ಲ ಹಿಡಿದರೆ ಒಟ್ಟು ಎರಡು ಸಾವಿರದ ಇನ್ನೂರು, ಮುನ್ನೂರು. ಬಿದಿರು ಬಿಟ್ಟಿ. ಹಳೆಯ ಪ್ಲಾಸ್ಟಿಕ್ ಲಾಸ್ಟ್ ಜೋಡಿಗೆ ಮುನ್ನೂರು ರೂಪಾಯಿಗೆ ಸಿಕ್ಕಿತ್ತು. ನನ್ನದನ್ನು ನೋಡಿದ ಸಹೋದ್ಯೋಗಿ ಒಬ್ಬರು ಐದು ಸಾವಿರ ಕೊಟ್ಟು ಒಂದು ಜೋಡಿ ಮಾಡಿಸಿಕೊಂಡರು. ಅವರು ಅದಕ್ಕೆ ಮೊದಲು ಎಂಟು ಸಾವಿರ ಕೊಟ್ಟು ತಂದದ್ದು ಒಂದು ಮಳೆಗಾಲ ಬರಲಿಲ್ಲ.

ಅಕ್ಟೋಬರ್‌ನಲ್ಲಿ ನನ್ನ ಶೂವನ್ನು ಬಸ್ ನಿಲ್ದಾಣದ ಹಿರಿಯರ ಮುಂದೆ ಇಟ್ಟೆ. ಶೂ ಕವುಚಿ ಹಾಕುವ ಮೂರು ಕಾಲಿನ ಕಬ್ಬಿಣದ ಮೇಲೆ ಹಾಕಿ, ಅಟ್ಟೆಯ ಸಂದಿಗೆ ಚರ್ಮ ಕತ್ತರಿಸುವ ರಂಪಿಗೆಯ ತುದಿ ತೂರಿಸಲು ನೋಡಿದರು, ಇಕ್ಕಳದಲ್ಲಿ ಎಳೆದರು. ಆಮೇಲೆ, "ಒಂದ್ ಮುಟಗಿ ಮೊಳಿ ಕೊಡ್ರಿ ಸರ" ಎಂದರು. ಡಬ್ಬಿಯನ್ನೇ ಕೊಟ್ಟು ಬಂದೆ.

ಮಾಡುವವರು ಇನ್ನೊಂದು ತಿಳಿದುಕೊಳ್ಳಿ. ನೆನೆದ ಶೂವನ್ನು ಒಲೆಯ ಹತ್ತಿರ, ಬಿಸಿಲಿನಲ್ಲಿ ಒಣಗಿಸಬೇಡಿ, ಕಾಗದ ತುರುಕಿ ಫ್ಯಾನ್ ಕೆಳಗೆ ಅಡ್ಡ ಮಲಗಿಸಿ, ಮರುದಿನ ಇನ್ನೊಂದು ಜೋಡಿ ಹಾಕಿ. ಅಟ್ಟೆ ಬದಲಿಸುವಾಗ ಹಳೆಯ ಮೊಳೆಗಳನ್ನು ಕೀಳುವ ಗೋಜಿಗೆ ಹೋಗಬಾರದು, ಮಟ್ಟಕ್ಕೆ ಕತ್ತರಿಸಿ ಹಳೆಯ ಸಾಲುಗಳ ನಡುವಿನ ಜಾಗದಲ್ಲಿ ಹೊಸದಾಗಿ ಹೊಡೆಯಿರಿ. ನನ್ನ ಒಂದು ಜೋಡಿಗೆ ಈ ಏಪ್ರಿಲ್‌ನಲ್ಲಿ ಹೀಗೆ ಹೊಸ ಅಟ್ಟೆ ಬಿದ್ದಿದೆ, ಖರ್ಚು ಐನೂರರ ಒಳಗೆ.