ಗ್ವಾಂಗ್‌ಝೌಗೆ ಬರಲಿರುವ ಪೈಲಟ್ ಮಿತ್ರರಿಗೆ

"ಸಾರ್, ಗ್ವಾಂಗ್‌ಝೌನಿಂದ ಒಂದು ಆಫರ್ ಬಂದಿದೆ, ಒಪ್ಪಿಕೊಳ್ಳಬಹುದಾ?" ಎಂದು ಚೀನಾದ ಈ ನಗರದಲ್ಲಿ ಕ್ಯಾಪ್ಟನ್ ಆಗಿರುವ ನನಗೆ ಊರಿನಿಂದ ಆಗಾಗ ಫೋನ್ ಬರುತ್ತದೆ. ಅದರ ಬೆನ್ನಿಗೇ ಸಂಬಳದ ಮಾತು. ನಾನು ಕೇಳುವ ಮೊದಲ ಪ್ರಶ್ನೆ ಬೇರೆ: ಪಾಸ್‌ಪೋರ್ಟಿನಲ್ಲಿ ನಿಮ್ಮ ಹೆಸರು ಹೇಗಿದೆ?

ನಮ್ಮ ಕನ್ನಡದವರಿಗೆ ಇದೇ ದೊಡ್ಡ ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅವೇ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು. ಲೈಸೆನ್ಸಿನಲ್ಲಿ ಇನ್ನೊಂದು ತರಹ. ನಮ್ಮಲ್ಲಿ ಒಂದು ಅಫಿಡವಿಟ್ ಕೊಟ್ಟರೆ ಮುಗಿಯುತ್ತದೆ. ಇಲ್ಲಿ ಮುಗಿಯುವುದಿಲ್ಲ. ಬ್ಯಾಂಕ್ ಖಾತೆ, ಸಿಮ್, ಕೆಲಸದ ಪರವಾನಗಿ, ರೈಲು ಟಿಕೆಟ್, ಎಲ್ಲದರಲ್ಲೂ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಬೇಕು. ಹೊರಡುವ ಮೊದಲೇ ಡಿಜಿಸಿಎ (ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ) ಕೊಟ್ಟ ಲೈಸೆನ್ಸನ್ನೂ ಪಾಸ್‌ಪೋರ್ಟನ್ನೂ ಹೊಂದಿಸಿಕೊಳ್ಳಿ. ಇಲ್ಲಿಗೆ ಬಂದು ಖಾತೆ ತೆರೆದ ದಿನ, ಬ್ಯಾಂಕಿನವರು ನಿಮ್ಮ ಹೆಸರನ್ನು ಯಾವ ಕ್ರಮದಲ್ಲಿ, ಎಲ್ಲಿ ಜಾಗ ಬಿಟ್ಟು ಬರೆದಿದ್ದಾರೆ ಎಂದು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಎಲ್ಲ ಕಡೆ ಅದನ್ನೇ ತೋರಿಸಿ.

ಎರಡನೆಯದು ನೋಟಿಸ್ ಅವಧಿ. ಭಾರತದಲ್ಲಿ 2017ರ ಡಿಜಿಸಿಎ ನಿಯಮದ ಪ್ರಕಾರ ಕ್ಯಾಪ್ಟನ್‌ಗೆ ಒಂದು ವರ್ಷ, ಕೋ-ಪೈಲಟ್‌ಗೆ ಆರು ತಿಂಗಳು. ಇದನ್ನು ಇಲ್ಲಿನ ಕಂಪನಿಗೆ ಮೊದಲ ಮಾತಿನಲ್ಲೇ ಹೇಳಿಬಿಡಿ. ಪದವಿ ಪತ್ರ, ಪೊಲೀಸ್ ಕ್ಲಿಯರೆನ್ಸ್ ಇವುಗಳ ದೃಢೀಕರಣಕ್ಕೂ ಸಮಯ ಹಿಡಿಯುತ್ತದೆ. ಈ ಕೆಲಸಕ್ಕೆ ಕರ್ನಾಟಕದವರು ಬರುವುದು ಮುಂಬೈಯ ಚೀನೀ ಕಾನ್ಸುಲೇಟಿನ ವ್ಯಾಪ್ತಿಗೆ.

ಈಗ ನಾನು ಒತ್ತಿ ಹೇಳಬೇಕಾದ ಮಾತು: ರಾಜೀನಾಮೆ ಕೊಡುವ ಮೊದಲು ಹೊಟ್ಟೆಯ ಸ್ಕ್ಯಾನ್ ಮಾಡಿಸಿ. ಪೈಲಟ್‌ಗಳನ್ನು ಪರೀಕ್ಷಿಸುವ ಬೆಂಗಳೂರಿನ ಐಎಎಂ ವೈದ್ಯಕೀಯ ಸಂಸ್ಥೆಯಲ್ಲಿ ಮೆಡಿಕಲ್ ಪಾಸಾದವರಿಗೆ "ಇನ್ನೇನಿದೆ" ಅನ್ನಿಸುವುದು ಸಹಜ. ಆದರೆ ಇಲ್ಲಿನ ಮೆಡಿಕಲ್ ತುಂಬಾ ಬಿಗಿ. ಅಲ್ಟ್ರಾಸೌಂಡ್‌ನಲ್ಲಿ ಮೂತ್ರಪಿಂಡದ ಸಣ್ಣ ಕಲ್ಲು ಕಂಡರೂ ಅಲ್ಲಿಗೇ ನಿಲ್ಲುತ್ತದೆ. ನನ್ನ ಒಬ್ಬ ಗೆಳೆಯನಿಗೆ ಹಾಗೇ ಆಯಿತು. ಒಂದು ದಿನವೂ ನೋವು ಕೊಡದ ಕಲ್ಲು. ಊರಿನ ಕೆಲಸ ಬಿಟ್ಟಾಗಿತ್ತು, ಮನೆ ಬಾಡಿಗೆಗೆ ಕೊಟ್ಟಾಗಿತ್ತು. ಕಲ್ಲು ತೆಗೆಸಿ, ಮತ್ತೆ ಪರೀಕ್ಷೆಗೆ ಕೂರುವ ಹೊತ್ತಿಗೆ ಕೈಯಲ್ಲಿದ್ದ ಹಣ ಕರಗಿತ್ತು. ನಮ್ಮ ಊರಲ್ಲಿ ಸ್ಕ್ಯಾನ್ ಎಂದರೆ ಒಂದು ಬೆಳಗಿನ ಕೆಲಸ. ದಯವಿಟ್ಟು ಮಾಡಿಸಿ.

ಜೆಡ್ ವೀಸಾದಲ್ಲಿ (ಕೆಲಸದ ವೀಸಾ) ಬಂದಿಳಿದ ಮೇಲೆ 24 ಗಂಟೆಯೊಳಗೆ ಪೊಲೀಸ್ ನೋಂದಣಿ ಆಗಬೇಕು. ಹೋಟೆಲಾದರೆ ಅವರೇ ಮಾಡುತ್ತಾರೆ. ಸ್ನೇಹಿತರ ಮನೆ ಅಥವಾ ಬಾಡಿಗೆ ಮನೆಯಾದರೆ ನೀವೇ ಮಾಡಿಸಿಕೊಳ್ಳಬೇಕು. 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಕಂಪನಿಯವರು ಜೊತೆಗೆ ಬರುತ್ತಾರೆ ನಿಜ, ಆದರೆ ದಿನ ಎಣಿಸುವ ಕೆಲಸ ನಿಮ್ಮದೇ.

ಇನ್ನು ಆಕಾಶ. ಚೀನಾದಲ್ಲಿ ಎತ್ತರವನ್ನು ಮೀಟರಿನಲ್ಲಿ ಹೇಳುತ್ತಾರೆ, ನಾವು ಅಡಿಯಲ್ಲಿ ಹಾರಿಸುತ್ತೇವೆ. ನೆಲದಿಂದ ನಿರ್ದೇಶನ ಕೊಡುವ ಕಂಟ್ರೋಲರ್ 9800 ಮೀಟರ್ ಎಂದರೆ ವಿಮಾನದಲ್ಲಿ ಇಡಬೇಕಾದ್ದು 32,100 ಅಡಿ. ನೀವು ಗುಣಿಸಿ ನೋಡಿದರೆ 32,152 ಬರುತ್ತದೆ. ಅದು ತಪ್ಪು. ಇಲ್ಲಿನ ಲೆವೆಲ್‌ಗಳಿಗೆ, ಅಂದರೆ ಹಾರಲು ಗೊತ್ತುಮಾಡಿದ ಎತ್ತರಗಳಿಗೆ, ಒಂದು ಪಟ್ಟಿ ಇದೆ, ಅದನ್ನೇ ನೋಡಿ. ಲೆಕ್ಕ ಹಾಕಲು ಹೋಗಲೇಬೇಡಿ. ಪಶ್ಚಿಮಕ್ಕೆ ಹೋಗುವಾಗ 9200, 9800, 10,400. ಪೂರ್ವಕ್ಕೆ 8900, 9500, 10,100. ಬರುವ ಮೊದಲೇ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಳ್ಳಿ. ಗಾಳಿಯ ವೇಗವೂ ಸೆಕೆಂಡಿಗೆ ಇಷ್ಟು ಮೀಟರ್ ಎಂದೇ ಬರುತ್ತದೆ. ಎರಡರಿಂದ ಗುಣಿಸಿದರೆ ಸುಮಾರು ನಾಟ್ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ) ಸಿಗುತ್ತದೆ.

ಇದೆಲ್ಲ ಹದಿನೈದು ದಿನದಲ್ಲಿ ಕೈಗೆ ಕೂತುಬಿಡುತ್ತದೆ. ಕೂರದೇ ಇರುವುದು ರೇಡಿಯೋ. ನಮ್ಮ ಜೊತೆ ಇಂಗ್ಲಿಷಿನಲ್ಲಿ ಮಾತಾಡುವ ಕಂಟ್ರೋಲರ್ ಸ್ಥಳೀಯ ಪೈಲಟ್‌ಗಳ ಜೊತೆ ಚೀನೀ ಭಾಷೆಯಲ್ಲೇ ಮಾತಾಡುತ್ತಾರೆ. ಭಾರತದಲ್ಲಿ ಹಾರುವಾಗ ಮುಂದಿನವನು ಎಲ್ಲಿದ್ದಾನೆ, ಎಲ್ಲಿ ಕುಲುಕಾಟ ಇದೆ ಎಂದು ಕಿವಿಯಲ್ಲೇ ಚಿತ್ರ ಮೂಡುತ್ತದೆ, ಅಲ್ವಾ? ಇಲ್ಲಿ ಆ ಚಿತ್ರದ ಬಹುಪಾಲು ಖಾಲಿ.

ಒಂದು ಸಂಜೆ ಕುನ್ಮಿಂಗ್ ಕಡೆಗೆ ಹೋಗುತ್ತಿದ್ದೆವು. 9800ರಲ್ಲಿದ್ದೆವು. ಕಂಟ್ರೋಲರ್ ಯಾರಿಗೋ ಚೀನೀ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದರು. ನನಗೆ ಅದು ಬರೀ ಸದ್ದು. ಪಕ್ಕದಲ್ಲಿದ್ದ ಹುಡುಗ ಏನೂ ಹೇಳದೆ ಪರದೆಯ ಮೇಲೆ ಬೆರಳಿಟ್ಟ. ನಮ್ಮ ಕೆಳಗೆ, ಸ್ವಲ್ಪ ಹಿಂದೆ ಒಂದು ವಿಮಾನದ ಗುರುತು. "ಅವರು ನಮ್ಮ ಲೆವೆಲ್ ಕೇಳಿದರು ಕ್ಯಾಪ್ಟನ್, ಕಾಯಲು ಹೇಳಿದ್ದಾರೆ" ಎಂದ. ಆವತ್ತಿನಿಂದ ಹೊರಡುವ ಮೊದಲಿನ ಬ್ರೀಫಿಂಗ್‌ನಲ್ಲಿ ಕೋ-ಪೈಲಟ್‌ಗೆ ಒಂದು ಮಾತು ಹೇಳುತ್ತೇನೆ: ರೇಡಿಯೋದಲ್ಲಿ ನಮಗೆ ಸಂಬಂಧಪಟ್ಟದ್ದು ಏನು ಕೇಳಿಸಿದರೂ ನನಗೆ ಹೇಳಪ್ಪ. ಇಲ್ಲಿನ ಹುಡುಗರು ಹಿರಿಯರ ಎದುರು ತಾವಾಗಿ ಬಾಯಿ ಬಿಡುವುದು ಕಡಿಮೆ. ನಾವು ಕೇಳಿದರೆ ಮಾತ್ರ ಅವರು ಹೇಳುತ್ತಾರೆ. ನಮ್ಮ ಭಾಷೆಯಲ್ಲಿ ಕೇಳು ಅಂದರೆ ಆಲಿಸು ಅಂತಲೂ ಹೌದು, ವಿಚಾರಿಸು ಅಂತಲೂ ಹೌದು. ಇಲ್ಲಿನ ಕಾಕ್‌ಪಿಟ್‌ನಲ್ಲಿ ಎರಡನ್ನೂ ಮಾಡಬೇಕು.

ನೀವೂ ಅಂಕಿಗಳನ್ನಾದರೂ ಕಲಿಯಿರಿ. ರೇಡಿಯೋದಲ್ಲಿ ಬಳಸುವ ಕೆಲವು ಅಂಕಿ ಪುಸ್ತಕದಲ್ಲಿರುವುದಲ್ಲ. ಒಂದಕ್ಕೆ 'ಈ', ಏಳಕ್ಕೆ 'ಛೀ' ಎಂದರೆ ಗದ್ದಲದಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. ಅದಕ್ಕೇ ಒಂದಕ್ಕೆ 'ಯಾವ್', ಏಳಕ್ಕೆ 'ಗ್ವಾಯ್', ಸೊನ್ನೆಗೆ 'ದೋಂಗ್', ಎರಡಕ್ಕೆ 'ಲ್ಯಾಂಗ್' ಎನ್ನುತ್ತಾರೆ. ಮಾಮೂಲಿ ಮಾತಿನಲ್ಲಿ ಎರಡಕ್ಕೆ 'ಆರ್' ಎಂಬ ಶಬ್ದವಿದೆ. ನಮ್ಮ ಕಿವಿಗೆ ಅದು ಆರು ಎಂದೇ ಬೀಳುತ್ತದೆ, ಹುಷಾರು. ಅಂಕಿ ಆದ ಮೇಲೆ 'ದ್ಯೆನ್‌ಬೊ' ಕಲಿಯಿರಿ, ಅಂದರೆ ಕುಲುಕಾಟ. ಮುಂದಿನ ವಿಮಾನದವರು ಆ ಪದ ಆಡಿದ್ದು ಕಿವಿಗೆ ಬಿದ್ದರೆ, ಏನಾಯಿತು ಎಂದು ಪಕ್ಕದವರನ್ನು ವಿಚಾರಿಸಿ ಸೀಟ್‌ಬೆಲ್ಟ್ ದೀಪ ಹಾಕಬಹುದು.

ಪ್ರತಿ ಹಾರಾಟದ ಕ್ಯೂಎಆರ್ ದತ್ತಾಂಶವನ್ನು (ವಿಮಾನದಲ್ಲೇ ದಾಖಲಾಗುವ ಹಾರಾಟದ ವಿವರ) ಕಂಪನಿ ತೆಗೆದು ನೋಡುತ್ತದೆ. ಮಿತಿ ಮೀರಿದ್ದು ಏನಿದ್ದರೂ ಕರೆ ಬರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ, ಸ್ಥಳೀಯರಿಗೂ ಅದೇ ನಿಯಮ. ಬೇಸಿಗೆಯಲ್ಲಿ ಗುಡುಗು ಮೋಡ, ಜೊತೆಗೆ ವಾಯುಪ್ರದೇಶದ ದೊಡ್ಡ ಪಾಲು ಸೇನೆಯ ಕೈಯಲ್ಲಿರುವುದು, ಎರಡೂ ಸೇರಿ ಬಾಗಿಲು ಮುಚ್ಚಿದ ವಿಮಾನದಲ್ಲಿ ಗಂಟೆಗಟ್ಟಲೆ ಕಾಯುವುದು ಮಾಮೂಲಿ. ಬ್ಯಾಗಿನಲ್ಲಿ ತಿನ್ನಲು ಏನಾದರೂ ಇರಲಿ.

ಒಪ್ಪಂದದಲ್ಲಿ ಸಂಬಳ ತೆರಿಗೆ ಕಳೆದು ಕೈಗೆ ಬರುವ ಮೊತ್ತವೋ ಅಲ್ಲವೋ ನೋಡಿ. ಇಲ್ಲಿ ಮೇಲಿನ ಹಂತದ ತೆರಿಗೆ ಶೇಕಡಾ 45. ಕಂಪನಿಯೇ ಕಟ್ಟಿದರೂ ಕಟ್ಟಿದ ಪ್ರಮಾಣಪತ್ರ ಕೇಳಿ ಪಡೆಯಿರಿ. ಸಂಬಳವನ್ನು ಯುವಾನ್‌ನಿಂದ ಡಾಲರ್‌ಗೆ ಬದಲಿಸಿ ಊರಿಗೆ ಕಳಿಸಲು ಬ್ಯಾಂಕಿನವರು ಅದನ್ನೇ ಕೇಳುತ್ತಾರೆ. ಭಾರತದಲ್ಲಿ ವರ್ಷಕ್ಕೆ ಎಷ್ಟು ದಿನ ಇರುತ್ತೀರಿ ಎಂದು ಬರೆದಿಟ್ಟುಕೊಂಡು ಅಲ್ಲಿನ ತೆರಿಗೆ ಲೆಕ್ಕಕ್ಕೆ ಊರಿನ ಆಡಿಟರಿಗೆ ತೋರಿಸಿ.

ಬೀದಿಯಲ್ಲಿ ನೋಟು ಹಿಡಿದವರು ಕಾಣುವುದೇ ಅಪರೂಪ. ಮೊಬೈಲಿನಿಂದ ಹಣ ಕೊಡುವ ಅಲಿಪೇ, ವೀಚಾಟ್ ಆ್ಯಪ್ ಎರಡನ್ನೂ ಹಾಕಿಕೊಂಡು ನಿಮ್ಮ ಬ್ಯಾಂಕಿನ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಾರ್ಡನ್ನು ಜೋಡಿಸಿ. ಒಂದು ಸಲದ ಪಾವತಿ 200 ಯುವಾನ್ ದಾಟಿದರೆ ಶೇಕಡಾ 3 ಶುಲ್ಕ ಬೀಳುತ್ತದೆ. ಇಲ್ಲಿನ ಖಾತೆ ಆದ ಮೇಲೆ ಆ ಚಿಂತೆ ಇಲ್ಲ. ಭಾರತದ ಸಿಮ್ ಮಾತ್ರ ಬಿಡಬೇಡಿ, ರೋಮಿಂಗ್ ಹಾಕಿಸಿಕೊಂಡೇ ಬನ್ನಿ. ಬ್ಯಾಂಕ್ ಓಟಿಪಿ ಬರುವುದು ಅದಕ್ಕೇ. ಇನ್ನೊಂದು ಕಾರಣವೂ ಇದೆ. ಇಲ್ಲಿ ವಾಟ್ಸಾಪ್ ನಡೆಯುವುದಿಲ್ಲ, ಇಲ್ಲಿನವರು ಮಾತಿಗೂ ಬಳಸುವ ವೀಚಾಟ್ ಭಾರತದಲ್ಲಿ 2020ರಿಂದ ನಿಷೇಧ. ನಡುವೆ ಸಿಕ್ಕಿಕೊಳ್ಳುವುದು ಅಮ್ಮನ ವಿಡಿಯೋ ಕಾಲ್. ರೋಮಿಂಗ್ ಡೇಟಾದಲ್ಲಿ ವಾಟ್ಸಾಪ್ ತೆರೆಯುತ್ತದೆ. ಇಲ್ಲಿ ರಾತ್ರಿ ಹತ್ತೂವರೆ ಆದಾಗ ಊರಲ್ಲಿ ಎಂಟು ಗಂಟೆ. ಅವರ ಊಟದ ಹೊತ್ತು.

ಸಸ್ಯಾಹಾರಿಗಳು 'ವೊ ಚ್ ಸು' (ನಾನು ಸಸ್ಯಾಹಾರಿ) ಎಂದು ಹೇಳುವುದನ್ನು ಕಲಿಯಿರಿ. ಆದರೂ ಸೊಪ್ಪನ್ನು ಹಂದಿ ಕೊಬ್ಬಿನಲ್ಲಿ ಹುರಿದಿರಬಹುದು, ವಿಚಾರಿಸಿಕೊಳ್ಳಿ. ನಗರದ ಷಿಯಾವೊಬೇ ಎಂಬ ಬಡಾವಣೆ ಕಡೆ ಹೋದರೆ ನಮ್ಮ ಕಡೆಯ ಊಟ ಸಿಗುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇಲ್ಲಿ 'ಹ್ವೇನಾನ್‌ಥ್ಯೆನ್' ಎಂಬ ಕಾಲ ಬರುತ್ತದೆ. ದಕ್ಷಿಣದಿಂದ ಒದ್ದೆ ಗಾಳಿ ಬೀಸಿ ಗೋಡೆ, ನೆಲ, ಕನ್ನಡಿ ಎಲ್ಲ ಬೆವರುತ್ತವೆ. ಮಲೆನಾಡಿನವರಿಗೂ ಇದು ಹೊಸದು. ಕಿಟಕಿ ಮುಚ್ಚಿಡಿ, ತೇವ ಹೀರುವ ಯಂತ್ರ ಒಂದನ್ನು ಕೊಳ್ಳಿ. ಊರಿನಿಂದ ತಂದ ಹಪ್ಪಳ, ರವೆ, ಸಾರಿನ ಪುಡಿಯನ್ನು ಬಂದ ದಿನವೇ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಲಾಗ್‌ಬುಕ್ಕನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಗೋಡೆಗೆ ತಾಗದ ಹಾಗೆ ಮೇಲಿನ ಕಪಾಟಿನಲ್ಲಿ ಇಡಿ.