ಒಂದು ಕಂಪನಿಯಿಂದ ಕೊಂಡ ಫೋನನ್ನು ಇನ್ನೊಂದು ನೆಟ್‌ವರ್ಕ್‌ನಲ್ಲಿ ಬಳಸುವುದು ಹೇಗೆ

ಮೊಬೈಲ್ ಸೇವಾ ಕಂಪನಿಯಿಂದ ಕಂತಿನ ಮೇಲೋ ಕರಾರಿನ ಮೇಲೋ ಕೊಂಡ ಸ್ಮಾರ್ಟ್‌ಫೋನ್ ಬೇರೆ ಕಂಪನಿಯ ಸಿಮ್ ಹಾಕಿದಾಗ ಕೆಲಸ ಮಾಡದಿದ್ದರೆ, ಫೋನ್ ಕೆಟ್ಟಿದೆ ಎಂದಾಗಲಿ ಹೊಸದನ್ನು ಕೊಳ್ಳಲೇಬೇಕು ಎಂದಾಗಲಿ ತೀರ್ಮಾನಿಸಬೇಕಾಗಿಲ್ಲ. ಸಾಮಾನ್ಯವಾಗಿ ಅಡ್ಡಿಯಾಗಿರುವುದು ಮಾರಿದ ಕಂಪನಿಯ ಸಿಮ್ಮನ್ನು ಮಾತ್ರ ಒಪ್ಪುವಂತೆ ಫೋನಿಗೆ ಹಾಕಿರುವ ಸಿಮ್ ಲಾಕ್, ಇಲ್ಲವೇ ಫೋನಿನ ರೇಡಿಯೊಗೂ (ಸಿಗ್ನಲ್ ಹಿಡಿಯುವ ಭಾಗಕ್ಕೂ) ಹೊಸ ನೆಟ್‌ವರ್ಕಿಗೂ ಹೊಂದಾಣಿಕೆ ಇಲ್ಲದಿರುವುದು. ಲಾಕ್ ಎಂಬುದು ಅನುಮತಿಗೆ ಸಂಬಂಧಿಸಿದ ವಿಷಯ, ಅದನ್ನು ತೆಗೆಸಬಹುದು. ರೇಡಿಯೊದ ಮಿತಿ ಹಾಗಲ್ಲ, ಅನ್‌ಲಾಕ್ ಮಾಡಿದ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ಹಲವರು ಲಾಕ್ ತೆಗೆಸಲು ವಾರಗಟ್ಟಲೆ ಓಡಾಡಿ, ಕೊನೆಯಲ್ಲಿ ಹೊಸ ನೆಟ್‌ವರ್ಕಿನಲ್ಲಿ ಕರೆಯೇ ಹೋಗದೆ ನಿರಾಶರಾಗುತ್ತಾರೆ. ಆದ್ದರಿಂದ ಕಂಪನಿ ಬದಲಿಸುವ ಮುನ್ನವೇ ಎರಡನ್ನೂ ಪರಿಶೀಲಿಸಬೇಕೆಂಬುದು ನನ್ನ ಮುಖ್ಯ ಸಲಹೆ.

ಸಿಮ್ ಲಾಕ್ ಕೆಲಸ ಮಾಡುವ ರೀತಿ ಸರಳವಾದುದು. ಪ್ರತಿಯೊಂದು ಸಿಮ್‌ನಲ್ಲಿಯೂ ಚಂದಾದಾರನ ಗುರುತಿನ ಸಂಖ್ಯೆಯೊಂದು ಇರುತ್ತದೆ; ಅದರ ಮೊದಲ 3 ಅಂಕಿಗಳು ದೇಶವನ್ನೂ ನಂತರದ 2 ಅಥವಾ 3 ಅಂಕಿಗಳು ಕಂಪನಿಯನ್ನೂ ಸೂಚಿಸುತ್ತವೆ. ಲಾಕ್ ಆಗಿರುವ ಫೋನ್ ಈ ಅಂಕಿಗಳನ್ನು ಓದಿ, ತನಗೆ ಅನುಮತಿ ಇರುವ ಕಂಪನಿಯದಲ್ಲದಿದ್ದರೆ ಆ ಸಿಮ್ಮನ್ನು ನಿರಾಕರಿಸುತ್ತದೆ. ಫೋನಿನೊಳಗೇ ಅಡಕವಾಗಿರುವ ಇ-ಸಿಮ್‌ಗೂ ಇದೇ ನಿಯಮ ಅನ್ವಯಿಸುವುದರಿಂದ, ಪ್ಲಾಸ್ಟಿಕ್ ಸಿಮ್ ಬದಲು ಇ-ಸಿಮ್ ಹಾಕಿದರೆ ಲಾಕ್ ತಪ್ಪುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿದರೂ ಲಾಕ್ ಹೋಗುವುದಿಲ್ಲ. ನಿಮ್ಮ ಫೋಟೊಗಳೂ ಸಂದೇಶಗಳೂ ಅಳಿಸಿಹೋಗುತ್ತವೆ, ಅಷ್ಟೆ.

ಲಾಕ್ ಇದೆಯೇ ಎಂದು ತಿಳಿಯಲು ಐಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್ ತೆರೆದು ಕ್ಯಾರಿಯರ್ ಲಾಕ್ ಎಂಬ ಸಾಲನ್ನು ನೋಡಿ; ಸಿಮ್ ನಿರ್ಬಂಧಗಳಿಲ್ಲ ಎಂಬರ್ಥದ ಬರಹ ಅಲ್ಲಿದ್ದರೆ ಫೋನ್ ಮುಕ್ತವಾಗಿದೆ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಈ ಮಾಹಿತಿ ಎಲ್ಲ ತಯಾರಕರಲ್ಲೂ ಒಂದೇ ಜಾಗದಲ್ಲಿ ಸಿಗುವುದಿಲ್ಲವಾದ್ದರಿಂದ, ಮನೆಯವರ ಅಥವಾ ಸ್ನೇಹಿತರ ಬಳಿ ಇರುವ ಬೇರೆ ಕಂಪನಿಯ ಸಿಮ್ಮನ್ನು ಸ್ವಲ್ಪ ಹೊತ್ತು ಹಾಕಿ ನೋಡುವುದೇ ಹೆಚ್ಚು ಖಚಿತವಾದ ಮಾರ್ಗ. ಅನ್‌ಲಾಕ್ ಕೋಡ್ ಕೇಳುವ ಪರದೆ ಬಂದರೆ ಲಾಕ್ ಇದೆ ಎಂದರ್ಥ. ಆ ಪರದೆಯಲ್ಲಿ ಊಹೆಯ ಅಂಕಿಗಳನ್ನು ಒತ್ತಲೇಬೇಡಿ. ಎಷ್ಟು ಬಾರಿ ಪ್ರಯತ್ನಿಸಬಹುದೆಂಬುದಕ್ಕೆ ಮಿತಿ ಇರುತ್ತದೆ, ಮಿತಿ ಮೀರಿದರೆ ಸರಿಯಾದ ಕೋಡನ್ನೂ ಫೋನ್ ಸ್ವೀಕರಿಸದೆ ಹೋಗಬಹುದು.

ಲಾಕ್ ತೆಗೆಯಬೇಕಾದುದು ಅದನ್ನು ಹಾಕಿಸಿದ ಕಂಪನಿಯೇ. *#06# ಒತ್ತಿದರೆ ಫೋನಿನ 15 ಅಂಕಿಗಳ ಐಎಂಇಐ ಸಂಖ್ಯೆ, ಅಂದರೆ ಆ ಫೋನಿನದೇ ಗುರುತಿನ ಸಂಖ್ಯೆ ಕಾಣಿಸುತ್ತದೆ. ಅದನ್ನೂ ಖಾತೆಯ ವಿವರಗಳನ್ನೂ ಇಟ್ಟುಕೊಂಡು ಅನ್‌ಲಾಕ್‌ಗೆ ಕೋರಿಕೆ ಸಲ್ಲಿಸಿ. ಕಂತುಗಳು ಪೂರ್ತಿ ತೀರಿರಬೇಕು, ಬಿಲ್ ಬಾಕಿ ಇರಬಾರದು, ಫೋನ್ ಕಳವಾಗಿದೆ ಎಂದು ದಾಖಲಾಗಿರಬಾರದು ಎಂಬುವು ಸಾಮಾನ್ಯವಾದ ಷರತ್ತುಗಳು. ಕೆಲವು ಕಡೆ ಕಾನೂನು ಗ್ರಾಹಕರ ಪರವಾಗಿ ಇನ್ನೂ ಮುಂದೆ ಹೋಗಿದೆ: ಕೆನಡಾದಲ್ಲಿ 2017ರ ಡಿಸೆಂಬರ್‌ನಿಂದ ಅನ್‌ಲಾಕ್‌ಗೆ ಶುಲ್ಕ ವಿಧಿಸುವಂತಿಲ್ಲ, ಬ್ರಿಟನ್ನಿನಲ್ಲಿ 2021ರ ಡಿಸೆಂಬರ್‌ನಿಂದ ಮೊಬೈಲ್ ಕಂಪನಿಗಳು ಲಾಕ್ ಮಾಡಿದ ಫೋನುಗಳನ್ನು ಮಾರುವಂತಿಲ್ಲ. ಹಣ ಪೂರ್ತಿ ಕೊಟ್ಟ ವಸ್ತುವಿನ ಮೇಲೆ ಕೊಂಡವರಿಗೆ ಪೂರ್ಣ ಅಧಿಕಾರ ಇರಬೇಕಾದುದು ನ್ಯಾಯವೇ ಆದುದರಿಂದ, ಈ ಕೋರಿಕೆಯನ್ನು ಸಂಕೋಚವಿಲ್ಲದೆ, ಬರವಣಿಗೆಯಲ್ಲಿಯೇ ಮುಂದಿಡಿ.

ದುಡ್ಡು ಕೊಟ್ಟರೆ ಕೋಡ್ ಕಳಿಸುತ್ತೇವೆ ಎನ್ನುವ ಅಪರಿಚಿತರಿಂದ ದೂರವಿರುವುದು ಲೇಸು. ಐಫೋನ್‌ಗೆ ಒತ್ತುವಂಥ ಕೋಡೇ ಇಲ್ಲ; ಕಂಪನಿ ಅನುಮತಿ ಕೊಟ್ಟ ಮೇಲೆ ಆ ಫೋನಿನ ಸ್ಥಿತಿ ಆಪಲ್‌ನ ದಾಖಲೆಯಲ್ಲಿಯೇ ಬದಲಾಗುತ್ತದೆ. ಫೋನಿನ ಸಾಫ್ಟ್‌ವೇರ್ ಮೇಲೆ ಪೂರ್ಣ ಹಿಡಿತ ಪಡೆಯಲು ರೂಟ್ ಮಾಡುವುದು ಅಥವಾ ಬೂಟ್‌ಲೋಡರ್ ತೆರೆಯುವುದು ಬೇರೆಯೇ ಕೆಲಸ, ಅದಕ್ಕೂ ಸಿಮ್ ಲಾಕ್‌ಗೂ ಸಂಬಂಧವಿಲ್ಲ. ಹಿಂದಿನ ಮಾಲೀಕರ ಆಪಲ್ ಅಥವಾ ಗೂಗಲ್ ಖಾತೆಯ ಲಾಕ್ ಕೂಡ ಪ್ರತ್ಯೇಕವಾದುದು. ಹಳೆಯ ಫೋನ್ ಕೊಳ್ಳುವವರು ಅದನ್ನು ಮಾಲೀಕರ ಕೈಯಲ್ಲಿಯೇ ತೆಗೆಸಿ, ಐಎಂಇಐ ಕಳವಾದ ಫೋನುಗಳಂಥವನ್ನು ತಡೆಯುವ ಕಪ್ಪುಪಟ್ಟಿಯಲ್ಲಿ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಹಣ ಕೊಡಬೇಕು.

ಇನ್ನು ಹೊಂದಾಣಿಕೆಯ ವಿಷಯ. ಪ್ರತಿ ಕಂಪನಿಯೂ ತನಗೆ ದೊರೆತಿರುವ ತರಂಗಾಂತರಗಳಲ್ಲಿ ಮಾತ್ರ ಸೇವೆ ಕೊಡುತ್ತದೆ. ಇವುಗಳಿಗೆ ಬ್ಯಾಂಡ್ ಸಂಖ್ಯೆಗಳಿವೆ. 4ಜಿಯಲ್ಲಿ ಬ್ಯಾಂಡ್ 3 ಎಂದರೆ 1800 ಮೆಗಾಹರ್ಟ್ಸ್, ಬ್ಯಾಂಡ್ 28 ಎಂದರೆ 700 ಮೆಗಾಹರ್ಟ್ಸ್. 5ಜಿಯಲ್ಲಿ ಹಲವು ದೇಶಗಳು ಬಳಸುವ ಎನ್78 ಬ್ಯಾಂಡ್ 3300ರಿಂದ 3800 ಮೆಗಾಹರ್ಟ್ಸ್ ನಡುವೆ ಇದೆ. ಒಂದೇ ಹೆಸರಿನ ಫೋನ್ ಬೇರೆ ಬೇರೆ ಪ್ರದೇಶಗಳಿಗೆ ಬೇರೆ ಬೇರೆ ಬ್ಯಾಂಡ್‌ಗಳೊಂದಿಗೆ ತಯಾರಾಗುವುದರಿಂದ, ಜಾಹೀರಾತಿನ ಹೆಸರನ್ನು ನಂಬದೆ ಸೆಟ್ಟಿಂಗ್ಸ್‌ನಲ್ಲಿರುವ ಪೂರ್ಣ ಮಾದರಿ ಸಂಖ್ಯೆಯನ್ನು ತೆಗೆದುಕೊಂಡು, ತಯಾರಕರು ಪ್ರಕಟಿಸಿರುವ ಬ್ಯಾಂಡ್‌ಗಳ ಪಟ್ಟಿಯನ್ನು ಹೊಸ ಕಂಪನಿಯ ಬ್ಯಾಂಡ್‌ಗಳ ಜೊತೆ ತಾಳೆ ನೋಡಿ. ಎಲ್ಲವೂ ಹೊಂದಬೇಕೆಂದಿಲ್ಲ. ಆದರೆ ಕಡಿಮೆ ಮೆಗಾಹರ್ಟ್ಸ್‌ನ ಬ್ಯಾಂಡ್ ತಪ್ಪಿಹೋಗಿದ್ದರೆ, ಅಂಥ ಅಲೆಗಳೇ ದೂರಕ್ಕೂ ಗೋಡೆಗಳ ಒಳಕ್ಕೂ ಚೆನ್ನಾಗಿ ತಲುಪುವುದರಿಂದ, ಕಟ್ಟಡಗಳ ಒಳಗೆ ಮತ್ತು ಟವರ್‌ಗಳು ವಿರಳವಾದ ಕಡೆ ಸಿಗ್ನಲ್ ದುರ್ಬಲವಾಗುತ್ತದೆ.

ಬ್ಯಾಂಡ್‌ಗಿಂತಲೂ ಹೆಚ್ಚಾಗಿ ಕಡೆಗಣಿಸಲ್ಪಡುವುದು ವಿಓಎಲ್‌ಟಿಇ, ಅಂದರೆ 4ಜಿ ಜಾಲದ ಮೂಲಕವೇ ಧ್ವನಿ ಕರೆ ಮಾಡುವ ವ್ಯವಸ್ಥೆ. ಇದು ಇಲ್ಲದ ಫೋನ್, ಕರೆ ಬಂದಾಗ 2ಜಿಗೋ 3ಜಿಗೋ ಇಳಿಯಬೇಕಾಗುತ್ತದೆ. ಆ ಹಳೆಯ ಜಾಲಗಳನ್ನೇ ಮುಚ್ಚಿರುವ ಕಡೆ ಇಂಟರ್‌ನೆಟ್ ಸೊಗಸಾಗಿ ಓಡಿದರೂ ಕರೆ ಮಾತ್ರ ಸಾಧ್ಯವಾಗುವುದಿಲ್ಲ. ಫೋನಿನಲ್ಲಿ ಈ ಸಾಮರ್ಥ್ಯ ಇದ್ದರೂ ಸಾಲದು. ಆಯಾ ಕಂಪನಿಯ ಜಾಲಕ್ಕೆ ಬೇಕಾದ ಹೊಂದಿಕೆಗಳು ಫೋನಿನ ಸಾಫ್ಟ್‌ವೇರ್‌ನಲ್ಲಿ ಇರಬೇಕು, ಕೆಲವು ಕಂಪನಿಗಳಂತೂ ತಾವು ಒಪ್ಪಿದ ಮಾದರಿಗಳಿಗೆ ಮಾತ್ರ ಇದನ್ನು ತೆರೆದುಕೊಡುತ್ತವೆ. ಆಸ್ಟ್ರೇಲಿಯಾದಲ್ಲಿ 2024ರಲ್ಲಿ 3ಜಿ ನಿಂತಾಗ, ಸಾಮಾನ್ಯ ಕರೆಗಳಿಗೆ 4ಜಿ ಬಳಸುತ್ತಿದ್ದರೂ ತುರ್ತು ಕರೆಗೆ ಮಾತ್ರ 3ಜಿಯನ್ನು ನೆಚ್ಚಿದ್ದ ಫೋನುಗಳನ್ನು ಕಂಪನಿಗಳು ಜಾಲದಿಂದಲೇ ಹೊರಗಿಡಬೇಕಾಯಿತು. ಆಂಬುಲೆನ್ಸ್ ಕರೆಯಬೇಕಾದ ಗಳಿಗೆಯಲ್ಲಿ ಫೋನ್ ಕೈಕೊಡಬಾರದು. ಹೀಗಾಗಿ ನಿಮ್ಮ ಮಾದರಿ ಸಂಖ್ಯೆಯಲ್ಲಿ ವಿಓಎಲ್‌ಟಿಇ ಕರೆಗೂ ತುರ್ತು ಕರೆಗೂ ಬೆಂಬಲ ಇದೆಯೇ ಎಂದು ಹೊಸ ಕಂಪನಿಯನ್ನೇ ಕೇಳಿ, ಸ್ಪಷ್ಟ ಉತ್ತರ ಪಡೆಯಿರಿ.

ಇಷ್ಟಾದ ಮೇಲೆ ಸಿಮ್ ಬದಲಿಸುವುದು ಸುಲಭ. ಬ್ಯಾಕಪ್ ತೆಗೆದು, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಹೊಸ ಸಿಮ್ ಹಾಕಿ ಫೋನನ್ನು ಮರುಚಾಲನೆ ಮಾಡಿ. ಕರೆ ಹೋಗುತ್ತಿದ್ದು ಮೊಬೈಲ್ ಡೇಟಾ ಮಾತ್ರ ಬರದಿದ್ದರೆ ಬಹುಪಾಲು ಕಾರಣ ಎಪಿಎನ್, ಅಂದರೆ ಫೋನನ್ನು ಕಂಪನಿಯ ಇಂಟರ್‌ನೆಟ್‌ಗೆ ಜೋಡಿಸುವ ಸೆಟ್ಟಿಂಗ್. ಹೊಸ ಕಂಪನಿ ಕೊಡುವ ವಿವರವನ್ನು ಅಕ್ಷರ ತಪ್ಪದಂತೆ ತುಂಬಿದರೆ ಸರಿಹೋಗುತ್ತದೆ. ಡೇಟಾ ಆಫ್ ಮಾಡಿ ಒಂದು ಕರೆ, ಕರೆಯ ನಡುವೆ ಇಂಟರ್‌ನೆಟ್, ಒಂದು ಎಸ್ಎಂಎಸ್, ಹಾಟ್‌ಸ್ಪಾಟ್ ಇವುಗಳನ್ನೆಲ್ಲ ಬಿಡಿಬಿಡಿಯಾಗಿ ಪರೀಕ್ಷಿಸಿ. ಹಳೆಯ ಕಂಪನಿಯ ಸಾಫ್ಟ್‌ವೇರ್ ಉಳಿದಿರುವ ಫೋನ್‌ಗಳಲ್ಲಿ ಹಾಟ್‌ಸ್ಪಾಟ್ ಅಥವಾ ವೈಫೈ ಕರೆಯಂಥ ಸೌಲಭ್ಯಗಳು ತಡೆಯಲ್ಪಟ್ಟಿರುವುದುಂಟು.

ಹಳೆಯ ನಂಬರನ್ನೇ ಉಳಿಸಿಕೊಳ್ಳುವುದಾದರೆ ಈ ಪರೀಕ್ಷೆಯನ್ನು ಹೊಸ ಕಂಪನಿಯ ತಾತ್ಕಾಲಿಕ ಪ್ರೀಪೇಯ್ಡ್ ಸಿಮ್‌ನಲ್ಲಿ ಮುಗಿಸಿ, ಎಲ್ಲವೂ ನಡೆಯುತ್ತದೆ ಎಂದಾದ ಮೇಲೆಯೇ ಪೋರ್ಟ್ ಕೋರಿಕೆ ಕೊಡಿ. ಪೋರ್ಟ್ ಪೂರ್ಣಗೊಳ್ಳುವ ಮುನ್ನ ಹಳೆಯ ಸಂಪರ್ಕವನ್ನು ನೀವಾಗಿ ರದ್ದುಪಡಿಸಬೇಡಿ, ಏಕೆಂದರೆ ರದ್ದಾದ ನಂಬರನ್ನು ಪೋರ್ಟ್ ಮಾಡಲಾಗದೆ ಅದು ಕೈತಪ್ಪಬಹುದು. ನಂಬರನ್ನೇ ಬದಲಿಸುವವರು ಬ್ಯಾಂಕ್, ಇಮೇಲ್ ಮೊದಲಾದ ಖಾತೆಗಳಲ್ಲಿ ಹೊಸ ನಂಬರ್ ದಾಖಲಿಸುವವರೆಗೆ ಹಳೆಯ ಸಿಮ್ಮನ್ನು ಚಾಲ್ತಿಯಲ್ಲಿಡಬೇಕು. ಬದಲಾವಣೆಯನ್ನು ದೃಢಪಡಿಸುವ ಒಟಿಪಿ ಎಷ್ಟೋ ಸಲ ಬರುವುದು ಹಳೆಯ ನಂಬರಿಗೇ.