ಜೇಬಿಗೆ ಹಿಡಿಯೋ ಕ್ಯಾಮೆರಾ ತಗೊಳ್ಳೋರಿಗೆ

ಮೆಗಾಪಿಕ್ಸೆಲ್ ಲೆಕ್ಕ ಬಿಡಿ, ಮೊದಲು ಸೆನ್ಸರ್ (ಬೆಳಕು ಹಿಡಿಯೋ ಚಿಪ್) ಗಾತ್ರ ನೋಡಿ. ಅಗ್ಗದ ಕಾಂಪ್ಯಾಕ್ಟ್‌ಗಳ 1/2.3 ಇಂಚಿನ ಸೆನ್ಸರ್‌ಗಿಂತ 1 ಇಂಚಿನದ್ದು (13.2 × 8.8 ಮಿ.ಮೀ.) ವಿಸ್ತೀರ್ಣದಲ್ಲಿ ಸುಮಾರು 4 ಪಟ್ಟು ದೊಡ್ಡದು. ಸಂಜೆ ಬೆಳಕಲ್ಲಿ ಇದರ ಬೆಲೆ ಗೊತ್ತಾಗುತ್ತೆ.

ಜೂಮ್ ಬೇಕೇಬೇಕು ಅನ್ನೋರಿಗೆ ಸೋನಿ ಆರ್‌ಎಕ್ಸ್100 ಸರಣಿ. ಆದರೆ ಹೊಸದೇ ಮೇಲು ಅಂದ್ಕೋಬೇಡಿ. ಮಾರ್ಕ್ 5ರಲ್ಲಿ ಜೂಮ್ 24-70 ಮಿ.ಮೀ., ಎಫ್/1.8-2.8 (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿಂದ ಬೆಳಕು ಜಾಸ್ತಿ ಬರುತ್ತೆ), ಮಾರ್ಕ್ 7ರಲ್ಲಿ 24-200, ಎಫ್/2.8-4.5. 7ರಲ್ಲಿ ದೂರದ್ದು ಹತ್ತಿರ ಬರುತ್ತೆ, ಬೆಳಕು ಕೈಕೊಡುತ್ತೆ. ಮದುವೆ ಮನೆ, ಮಂದ ದೀಪದ ಹೋಟೆಲ್ಲು ಅಂದ್ರೆ ನನ್ನ ವೋಟು 5ಕ್ಕೇ.

ಬೀದಿ ಫೋಟೊ ಹುಚ್ಚಿದ್ರೆ ರಿಕೋ ಜಿಆರ್ 3. ಎಪಿಎಸ್-ಸಿ ಸೆನ್ಸರ್ (1 ಇಂಚಿನದ್ದಕ್ಕಿಂತ ದೊಡ್ಡದು), 28 ಮಿ.ಮೀ. ಅಗಲ ನೋಟ, ಜೂಮ್ ಇಲ್ಲ, ಒಳಗೆ ಫ್ಲ್ಯಾಶೂ ಇಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗೋಕೆ ಸೋಮಾರಿತನ ಇದ್ರೆ ಬೇಡ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಗಮನಿಸಿ: ಒಳಗೆ-ಹೊರಗೆ ಸರಿಯೋ ಲೆನ್ಸು ಜೇಬಿನ ಧೂಳನ್ನ ಒಳಗೆಳ್ಕೊಳ್ಳುತ್ತೆ. ಕ್ಯಾಮೆರಾ ಕೈಗೆ ಬಂದ ತಕ್ಷಣ ಎಫ್/11ಗೆ ಇಟ್ಟು ಬಿಳಿ ಗೋಡೆದೋ ಆಕಾಶದ್ದೋ ಫೋಟೊ ತೆಗೆದು, ದೊಡ್ಡದು ಮಾಡಿ ಮೂಲೆಮೂಲೆ ನೋಡಿ. ಬೂದು ಚುಕ್ಕೆ ಕಂಡ್ರೆ ಒಳಗೆ ಧೂಳಿದೆ ಅಂತಲೇ. ಇವುಗಳಲ್ಲಿ ಲೆನ್ಸ್ ಬಿಚ್ಚಿ ನಾವೇ ಒರೆಸೋ ಹಾಗಿಲ್ಲ, ಸರ್ವೀಸ್ ಖರ್ಚು ಕಳೆದೇ ರೇಟ್ ಮಾತಾಡಿ.